ಬಾಗಿಲಿನಿಂದ ಸಾರಿಸಿದ ನೆಲ

ನಮ್ಮೂರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಮೂಡಲಗಿ ಸಂತೆಯಲ್ಲಿ ನಮ್ಮೂರಿನವರೇ ಅಡ್ಡಗಟ್ಟಿ ಜಗಳ ತೆಗೆಯುತ್ತಾರೆ. ನಾಗನೂರಿನಿಂದ ಬೆಳಿಗ್ಗೆ ಗಾಡಿ ಕಟ್ಟಿದರೆ ಬಿಸಿಲೇರುವುದರೊಳಗೆ ಮುಟ್ಟುವ ಊರು ಎಂದುಕೊಂಡರೆ ಸಾಕು. ಅಲ್ಲೊಂದು ಸರ್ಕಾರಿ ಶಾಲೆ ಇತ್ತು. ಇಂಗ್ಲಿಷರ ಸರ್ಕಾರ. ಒಂದೇ ದೊಡ್ಡ ಕೋಣೆ, ಒಂದೇ ಬಾಗಿಲು, ಕಿಟಕಿಗಳಿಗೆ ಕಬ್ಬಿಣದ ಸರಳು. ಒಂದನೆಯ ಇಯತ್ತೆಯ ಚಿಳ್ಳೆಪಿಳ್ಳೆಗಳಿಂದ ಏಳನೆಯ ಇಯತ್ತೆಯ ಮೀಸೆ ಚಿಗುರಿದವರವರೆಗೆ ಎಲ್ಲರೂ ಅದರೊಳಗೇ ಕೂತು ಕೂಗುತ್ತಿದ್ದರು.

ಒಂದು ಶಾಲೆ ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯುವುದು ಹೇಗೆ? ನಮ್ಮೂರಿನಲ್ಲಿ ಅದಕ್ಕೆ ಸುಲಭದ ದಾರಿ ಇತ್ತು. ವರ್ಷಕ್ಕೊಮ್ಮೆ ಗೋಕಾಕದಿಂದ ಟಾಂಗಾದಲ್ಲಿ ಶಾಲೆ ತಪಾಸಣೆಯ ಡಿಪ್ಟಿ ಸಾಹೇಬರು ಬರುತ್ತಿದ್ದರು. ಮಕ್ಕಳನ್ನು ಒಬ್ಬೊಬ್ಬರನ್ನೇ ಎಬ್ಬಿಸಿ ಪ್ರಶ್ನೆ ಕೇಳುತ್ತಿದ್ದರು. ಉತ್ತರ ಹೇಳಿದವರು ಮುಂದಿನ ಇಯತ್ತೆಗೆ, ಹೇಳದವರು ಅಲ್ಲಿಯೇ. ಆಮೇಲೆ ರಾವಸಾಹೇಬ ಗೌಡರ ಮನೆಯಲ್ಲಿ ಹೋಳಿಗೆ ಊಟ. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಶಾಲೆ ಚೆನ್ನಾಗಿದೆ ಎನ್ನುತ್ತಿದ್ದರು. ಹೋಳಿಗೆ ಹರಿದಿದ್ದರೆ ಏನೆನ್ನುತ್ತಿದ್ದರೋ ಗೊತ್ತಿಲ್ಲ. ಗೌಡರ ಮನೆಯ ಹೋಳಿಗೆ ಎಂದೂ ಹರಿಯಲಿಲ್ಲ.

ಹೊಲಗೇರಿಯಿಂದ ನಾವು ನಾಲ್ಕು ಮಕ್ಕಳು ಆ ಶಾಲೆಗೆ ಹೋಗುತ್ತಿದ್ದೆವು. ಹೋಗುತ್ತಿದ್ದೆವು ಎಂದರೆ ಅದರ ಗೋಡೆಯವರೆಗೆ. ಹೊರಗೆ ಬೇವಿನ ಮರದ ಕಟ್ಟೆ ಇತ್ತು, ಅದರೆದುರು ಒಂದು ಕಿಟಕಿ. ನಾವು ಕಟ್ಟೆಯ ಮೇಲೆ, ಮಾಸ್ತರರು ಕಿಟಕಿಯೊಳಗೆ. ಮಳೆ ಬಂದರೆ ಗೋಣಿತಟ್ಟು ಹೊದ್ದುಕೊಳ್ಳುತ್ತಿದ್ದೆವು. ಪಾಟಿಯ ಮೇಲೆ ಬರೆದದ್ದನ್ನು ಎತ್ತಿ ಹಿಡಿದು ತೋರಿಸಬೇಕು. ತಪ್ಪಾಗಿದ್ದರೆ ಮಾಸ್ತರರು ಹೊಡೆಯುತ್ತಿರಲಿಲ್ಲ, ಹೊಡೆದರೆ ಮೈಲಿಗೆ. ಅದಕ್ಕೆ ಹರಳು ಎಸೆಯುತ್ತಿದ್ದರು. ಅವರ ಗುರಿ ಚೆನ್ನಾಗಿತ್ತು.

ಅಣ್ಣಪ್ಪ ಮಾಸ್ತರರು ಲಿಂಗ ಕಟ್ಟಿದ ಮನುಷ್ಯರು. ಸೋಮವಾರ ಬಂದರೆ ಪಾಠಕ್ಕಿಂತ ಮೊದಲು ಬಸವಣ್ಣನವರ ಕಥೆ ಹೇಳುತ್ತಿದ್ದರು. ಮೇಲು ಕೀಳು ಸುಳ್ಳು, ಮನುಷ್ಯರೆಲ್ಲ ಒಂದೇ ಎನ್ನುವಾಗ ಅವರ ದನಿ ಏರುತ್ತಿತ್ತು. ಆ ಮಾತು ಕಿಟಕಿಯಿಂದ ನಮಗೂ ಚೆನ್ನಾಗಿ ಕೇಳಿಸುತ್ತಿತ್ತು. ನಮ್ಮ ಯಲ್ಲಾರಿ, ನನ್ನ ಸೋದರಮಾವನ ಮಗ, ಆ ಹೊತ್ತಿಗೆ ಸರಿಯಾಗಿ ಕೆಮ್ಮುತ್ತಿದ್ದ. ಹರಳು ಬರುತ್ತಿತ್ತು.

ಎಲ್ಲ ಮಕ್ಕಳನ್ನೂ ಒಳಗೆ ಕೂರಿಸಬೇಕೆಂದು ಸರ್ಕಾರದ ಹುಕುಂ ಬಂದು ಎಷ್ಟೋ ಕಾಲವಾಗಿತ್ತು. ಅದು ಚಾವಡಿಯವರೆಗೆ ಬಂದು ಅಲ್ಲೇ ಕೂತಿತ್ತು. ನಮ್ಮನ್ನು ಒಳಗೆ ಕರೆದರೆ ಊರವರು ಸಿಟ್ಟಾಗುತ್ತಾರೆ. ಹೊರಗೆ ಕೂತದ್ದನ್ನು ಸಾಹೇಬರು ಕಂಡರೆ ಮಾಸ್ತರರ ಕುತ್ತಿಗೆಗೆ ಬರುತ್ತದೆ. ಆದ್ದರಿಂದ ಸಾಹೇಬರು ಬರುವ ದಿನ ನೀವು ಬರಲೇಬೇಡಿ ಎಂದು ನಮಗೆ ಅಪ್ಪಣೆಯಾಗುತ್ತಿತ್ತು. ಆ ಒಂದು ದಿನ ನಾವು ಹುಟ್ಟಿಯೇ ಇರಲಿಲ್ಲ. ಹುಟ್ಟದವರನ್ನು ಯಾರು ಪರೀಕ್ಷೆ ಮಾಡುತ್ತಾರೆ? ನಾಲ್ಕರವರೆಗೆ ನಮ್ಮನ್ನು ಮಾಸ್ತರರೇ ದಾಟಿಸುತ್ತಿದ್ದರು, ಅದರಾಚೆ ಸಾಹೇಬರ ಪರೀಕ್ಷೆಯೇ ಬೇಕು. ಹೀಗಾಗಿ ನಾನು ಮೂರನೆಯ ವರ್ಷವೂ ನಾಲ್ಕನೆಯ ಇಯತ್ತೆಯಲ್ಲೇ ಇದ್ದೆ. ನನ್ನ ಜೊತೆಯವರು ಆರಕ್ಕೆ ಹೋಗಿ ನನ್ನನ್ನು ಕಂಡರೆ ದೊಡ್ಡವರಂತೆ ನಗುತ್ತಿದ್ದರು.

ನನಗೆ, ಅಂದರೆ ಇಂದ್ರವ್ವನಿಗೆ, ಓದು ಹತ್ತುವುದಿಲ್ಲ ಎಂದು ಊರಲ್ಲಿ ಮಾತಾಯಿತು. ಅದನ್ನು ಅಪ್ಪನೂ ನಂಬಿದ. ಅಪ್ಪ ಲಕ್ಕಪ್ಪ ಕೆಟ್ಟವನಲ್ಲ, ದಣಿದವನು. ಗೌಡರ ಹೊಲದಲ್ಲಿ ದುಡಿದು ದುಡಿದು ಅವನ ಬೆನ್ನು ಬಾಗಿತ್ತು. ಈ ಸಲ ಐದಕ್ಕೆ ಹತ್ತದಿದ್ದರೆ ಶಾಲೆ ಸಾಕು ಎಂದುಬಿಟ್ಟ. ಗೌಡರ ದನದ ಕೊಟ್ಟಿಗೆಯಲ್ಲಿ ಸಗಣಿ ಬಾಚುವುದಕ್ಕೆ ಒಂದು ಹುಡುಗಿ ಬೇಕಾಗಿತ್ತು, ಗೌಡರು ತಾವಾಗಿ ಕೇಳಿದ್ದರು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಅದನ್ನು ಕೇಳಿಸಿಕೊಂಡಳು. ರೊಟ್ಟಿ ಮಾತ್ರ ಅಂದು ಬಹಳ ತೆಳ್ಳಗೆ ಬಂದವು.

ಅವ್ವನ ಹೆಸರು ಗುಡ್ಡವ್ವ. ಶಾಲೆಯ ನೆಲ ಸಾರಿಸುವುದು ಅವಳ ಪಾಲಿನ ಕೆಲಸ. ಮೊದಲು ಅದನ್ನು ಊರೊಳಗಿನ ಕಾಶೆವ್ವ ಮಾಡುತ್ತಿದ್ದಳು. ಅವಳ ಸೊಂಟ ಹಿಡಿದುಕೊಂಡ ಮೇಲೆ ಅಷ್ಟು ದೊಡ್ಡ ನೆಲಕ್ಕೆ ಮೊಣಕಾಲೂರಲು ಊರಲ್ಲಿ ಒಬ್ಬಳೂ ಮುಂದೆ ಬರಲಿಲ್ಲ. ಹಿರಿಯರು ಚಾವಡಿಯಲ್ಲಿ ಕೂತು ಆಲೋಚಿಸಿದರು. ಸಗಣಿ ಎಂಥ ಮೈಲಿಗೆಯನ್ನೂ ಕಳೆಯುತ್ತದಲ್ಲ, ಗುಡ್ಡಿ ಸಾರಿಸಿದರೆ ಅವಳ ಮೈಲಿಗೆಯನ್ನು ಅವಳ ಸಗಣಿಯೇ ಕಳೆಯುತ್ತದೆ ಎಂದು ತೀರ್ಮಾನಿಸಿದರು. ಒಂದೇ ಷರತ್ತು. ಒಳಗಿನ ಗೋಡೆಯಿಂದ ಶುರು ಮಾಡಿ ಹಿಂದೆ ಹಿಂದೆ ಸರಿಯುತ್ತ ಬರಬೇಕು, ತನ್ನ ಹೆಜ್ಜೆಯ ಗುರುತನ್ನು ತಾನೇ ಅಳಿಸುತ್ತ ಬಾಗಿಲಿನಿಂದ ಹೊರಬೀಳಬೇಕು. ಬಿದ್ದ ಮೇಲೆ ಮತ್ತೆ ಕಾಲಿಡಬಾರದು. ನೆಲ ಹಸಿ ಇರುವವರೆಗೆ ಅದು ನಮ್ಮದು, ಒಣಗಿದ ಮೇಲೆ ಅವರದು. ಇಷ್ಟು ನಾಜೂಕಿನ ಕಾನೂನು ಇಂಗ್ಲಿಷರ ಕಚೇರಿಯಲ್ಲೂ ಇರಲಿಕ್ಕಿಲ್ಲ.

ಆ ಕೆಲಸ ಬಾಯಲ್ಲಿ ಹೇಳಿದಷ್ಟು ಹಗುರವಲ್ಲ. ಸಗಣಿ ಹೊರಬೇಕು, ನೀರು ಹೊರಬೇಕು, ಕಿತ್ತ ಕಡೆ ಮಣ್ಣು ತುಂಬಿ ಬಡಿಯಬೇಕು. ಆಮೇಲೆ ಮೊಣಕಾಲ ಮೇಲೆ ಕೂತು ಅಂಗೈಯಿಂದ ಕಮಾನು ಕಮಾನಾಗಿ ಎಳೆಯಬೇಕು. ಚಳಿಗಾಲದಲ್ಲಿ ಅವ್ವನ ಬೆರಳ ಸಂದು ಸೀಳಿ ರಕ್ತ ಬರುತ್ತಿತ್ತು. ಅವಳ ಮೊಣಕಾಲ ಚರ್ಮ ಕಪ್ಪಗೆ ದಪ್ಪಗಾಗಿತ್ತು, ಚಿವುಟಿದರೂ ನೋಯುತ್ತಿರಲಿಲ್ಲ. ಇಷ್ಟಕ್ಕೆ ಸುಗ್ಗಿಯಲ್ಲಿ ಒಂದಿಷ್ಟು ಜೋಳ ಕೊಡುತ್ತಿದ್ದರು, ಅದನ್ನೂ ಮೇಲಿನಿಂದ ಸೆರಗಿಗೆ ಸುರಿಯುತ್ತಿದ್ದರು.

ಸಾಹೇಬರು ಬರುವ ಸುದ್ದಿ ತಿಳಿದಾಗ ಅವ್ವ ಮಾಸ್ತರರ ಮನೆಯ ಮುಂದೆ ಹೋಗಿ ನಿಂತಳು. ಈ ಸಲ ನನ್ನ ಮಗಳನ್ನೂ ಸಾಹೇಬರ ಮುಂದೆ ಕೂರಿಸಿರಿ ಎಂದು ಬೇಡಿಕೊಂಡಳು. ಮಾಸ್ತರರು ಬೈಯಲಿಲ್ಲ, ತಿಳಿಹೇಳಿದರು. ಹೋದ ವರ್ಷ ನಾಗನೂರಿನ ಶಾಲೆಯ ನೆಲವನ್ನು ಸಾಹೇಬರು ಹೊಗಳಿದ್ದರಂತೆ. ಅದು ಗೌಡರಿಗೆ ಮುಳ್ಳಿನಂತೆ ಚುಚ್ಚಿತ್ತಂತೆ.

"ಗುಡ್ಡಿ, ಸಾಹೇಬ್ರು ಬಾಗಲಾಗ ನಿಂತು ಮೊದಲ ನೋಡೂದು ನೆಲಾನ. ನೀ ಅದನ್ನ ಚಂದಂಗ ಸಾರಸು. ಸಾಲಿ ಚಲೋ ಅನಸ್ಕೊಂಡ್ರ ಅದರಾಗ ನಿನ್ನ ಮಗಳದೂ ಬಂತಲ್ಲ."

ಬಂತಲ್ಲ ಎಂಬ ಆ ಮಾತನ್ನು ಅವ್ವ ಮನೆಗೆ ತಂದು ನಮಗೆಲ್ಲ ಒಪ್ಪಿಸಿದಳು. ಒಪ್ಪಿಸುವಾಗ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ, ಅಳು ಬಂದಂತಾಯಿತು.

ಸಾಹೇಬರು ಮಧ್ಯಾಹ್ನಕ್ಕೆ ಬರುವವರಿದ್ದರು. ಹಿಂದಿನ ದಿನ ಸಾರಿಸಿದರೆ ಕುರಿ ನಾಯಿ ತುಳಿದು ಕೆಡಿಸುತ್ತವೆ, ಬೆಳಿಗ್ಗೆ ಬೆಳಕು ಹರಿಯುವಾಗಲೇ ಸಾರಿಸಿಬಿಡು, ಹೊತ್ತೇರುವುದರೊಳಗೆ ಒಣಗುತ್ತದೆ ಎಂದು ಅಪ್ಪಣೆ. ಅವ್ವ ನಮ್ಮನ್ನು ನಾಲ್ವರನ್ನೂ ಎಬ್ಬಿಸಿದಳು. ತಲೆ ಬಾಚಿಕೊಳ್ಳಿ, ಮುಖ ತೊಳೆಯಿರಿ, ಪಾಟಿ ತೆಗೆದುಕೊಳ್ಳಿ ಎಂದಳು. ಸಗಣಿ ಹೊರುವುದಕ್ಕೆ ಪಾಟಿ ಯಾಕೆ ಎಂದು ಯಲ್ಲಾರಿ ಕೇಳಿದ. ಅವನ ತಲೆಯ ಮೇಲೆ ಬುಟ್ಟಿ ಇಟ್ಟಳು, ಅದೇ ಉತ್ತರ. ನಮ್ಮ ಪಾಟಿಗಳನ್ನು ತಾನೇ ಗೋಣಿತಟ್ಟಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

ಸಗಣಿ ಹೊತ್ತ ನಾವು ಮೊದಲ ಸಲ ಆ ಕೋಣೆಯ ಒಳಗೆ ಹೋದೆವು. ಒಳಗಿನಿಂದ ಅದು ಇನ್ನೂ ದೊಡ್ಡದಾಗಿತ್ತು. ಅವ್ವ ನಮ್ಮನ್ನು ಎದುರಿನ ಗೋಡೆಯ ಬುಡದಲ್ಲಿ ಸಾಲಾಗಿ ಕೂರಿಸಿ ಪಾಟಿ ಕೈಗೆ ಕೊಟ್ಟಳು. ಬುಟ್ಟಿ, ನೀರಿನ ಕೊಡ ಎರಡನ್ನೂ ಎತ್ತಿಕೊಂಡು ಬಾಗಿಲಿಗೆ ಹೋದಳು. ಹೊಸ್ತಿಲ ಪಕ್ಕದಲ್ಲಿ ಮೊಣಕಾಲೂರಿ, ಮುಖವನ್ನು ಬಾಗಿಲಿನ ಕಡೆ ಮಾಡಿ, ಅಲ್ಲಿಂದ ಸಾರಿಸುತ್ತ ನಮ್ಮ ಕಡೆಗೆ ಹಿಂದೆ ಸರಿಯತೊಡಗಿದಳು.

ಒಂದಿಷ್ಟು ಹೊತ್ತು ನಾವು ಸುಮ್ಮನೆ ನೋಡಿದೆವು. ಆಮೇಲೆ ಯಲ್ಲಾರಿಗೆ ಹೊಳೆಯಿತು.

"ಅತ್ತಿ, ಹಿಂಗ ಸಾರಿಸಿದ್ರ ನಾವು ಹೊರಗ ಹೆಂಗ ಹೋಗೂದು?"

"ಹೊರಗ ಹೋಗಾಕ ಯಾರು ಬಂದಾರ?" ಎಂದಳು ಅವ್ವ.

ನನಗೆ ಹೆದರಿಕೆ ಬಂತು. ಖುಷಿಯೂ ಬಂತು. ಅವ್ವ ಅಂದು ದಪ್ಪಗೆ ಸಾರಿಸಿದಳು, ಬೇಗ ಒಣಗಬಾರದಲ್ಲ. ಕಮಾನುಗಳು ಒಂದರ ಪಕ್ಕ ಒಂದು ಎಷ್ಟು ಸಮವಾಗಿ ಬಂದವೆಂದರೆ, ಕಂಡರೆ ನಾಗನೂರಿನವರಿಗೆ ಜ್ವರ ಬರಬೇಕು. ಕೊನೆಯ ಕಮಾನು ನಮ್ಮ ಪಾದದ ಮುಂದೆ ಮುಗಿಯಿತು. ಕೊಡದಲ್ಲಿ ಉಳಿದ ನೀರಿನಿಂದ ಕೈ ತೊಳೆದು ಅವ್ವ ನಮ್ಮ ಪಕ್ಕ ಕಾಲು ಚಾಚಿ ಕೂತಳು.

ಹೊತ್ತೇರಿದಾಗ ಅಣ್ಣಪ್ಪ ಮಾಸ್ತರರು ಬಂದರು. ಬಾಗಿಲಲ್ಲಿ ನಿಂತು ನೆಲ ನೋಡಿ ಅವರ ಮುಖ ಅರಳಿತು. ಕಣ್ಣು ಮೇಲೆತ್ತಿದರು. ಹೊಳೆಯುವ ಹಸಿ ನೆಲದ ಆಚೆ ದಡದಲ್ಲಿ ನಾವು ಕೂತಿದ್ದೆವು.  ಪಾಪ, ಹೊರಗೆ ಬಾ ಎಂದು ಕಿರುಚಿದರು. ಅವ್ವ ಎದ್ದು ನಿಂತು ಕೈ ಮುಗಿದಳು.

"ಬರ್ತೀನ್ರಿ ಮಾಸ್ತರ್ರ. ಆದ್ರ ಹೆಜ್ಜಿ ಮೂಡ್ತಾವ. ನಾಕು ಮಕ್ಕಳದು, ನಂದು. ಸಾಹೇಬ್ರು ಮೊದಲ ನೋಡೂದು ನೆಲಾನ ಅಂದಿದ್ರಿ."

ಮಾಸ್ತರರು ಗೌಡರನ್ನು ಕರೆತರಲು ಓಡಿದರು. ರಾವಸಾಹೇಬ ಗೌಡರು ಜರಿಯ ರುಮಾಲು ಸುತ್ತಿಕೊಂಡು, ಹೋಳಿಗೆಯ ಪರಿಮಳದೊಂದಿಗೆ ಬಂದರು. ಹಿಂದೆ ಊರವರು ಬಂದರು. ಇವರನ್ನು ಎಳೆದು ಹಾಕಿ ಎಂದು ಗೌಡರು ಗುಡುಗಿದರು. ಒಬ್ಬರೂ ಹೆಜ್ಜೆ ಮುಂದಿಡಲಿಲ್ಲ. ಎಳೆಯಬೇಕಾದರೆ ನಮ್ಮನ್ನು ಮುಟ್ಟಬೇಕು, ಮುಟ್ಟಿದರೆ ಸ್ನಾನ ಮಾಡಬೇಕು. ಎಲ್ಲರೂ ಸಾಹೇಬರಿಗಾಗಿ ಮಡಿ ಬಟ್ಟೆ ಉಟ್ಟು ನಿಂತವರು. ನಮ್ಮ ಮೈಲಿಗೆ ಅಂದು ಮೊದಲ ಸಲ ನಮ್ಮ ಕೆಲಸಕ್ಕೆ ಬಂತು ನೋಡಿ.

ಗೌಡರು ಒಂದು ಹಲಗೆ ತರಿಸಿದರು. ಅದನ್ನು ಹಾಸಿದರೆ ನಾವು ಅದರ ಮೇಲೆ ನಡೆದು ಹೊರಬರಬಹುದು ಎಂಬ ಉಪಾಯ. ಹಲಗೆ ಹಸಿಯಲ್ಲಿ ಕಚ್ಚಿಕೊಂಡಿತು, ನಮ್ಮವರೆಗೆ ಮುಟ್ಟಲೂ ಇಲ್ಲ. ಎತ್ತಿದಾಗ ತನ್ನ ಉದ್ದಕ್ಕೂ ನೆಲವನ್ನು ಕಿತ್ತುಕೊಂಡೇ ಎದ್ದಿತು. ಬಾಗಿಲ ಹತ್ತಿರ ಈಗ ದೊಡ್ಡದೊಂದು ಗಾಯ. ಅದನ್ನು ಸರಿಮಾಡುವವರು ಯಾರು ಎಂದು ಗೌಡರು ಸುತ್ತ ನೋಡಿದರು. ಎಲ್ಲರೂ ತಮ್ಮ ತಮ್ಮ ಕೈ ನೋಡಿಕೊಂಡರು. ನನಗೆ ನಗು ತಡೆಯಲಾಗಲಿಲ್ಲ, ಪಾಟಿಯಲ್ಲಿ ಮುಖ ಮುಚ್ಚಿಕೊಂಡೆ.

ಅಷ್ಟರಲ್ಲಿ ಟಾಂಗಾದ ಗೆಜ್ಜೆ ಕೇಳಿಸಿತು. ಊರ ಮಕ್ಕಳನ್ನು ಎಲ್ಲಿ ಕೂರಿಸುವುದು? ಒಳಗೆ ಕಾಲಿಡುವಂತಿಲ್ಲ. ಮಾಸ್ತರರು ಅವರನ್ನೆಲ್ಲ ಬೇವಿನ ಕಟ್ಟೆಯ ಮೇಲೂ ಅದರ ಬುಡದಲ್ಲೂ ಗಡಿಬಿಡಿಯಿಂದ ಕೂರಿಸಿದರು. ಗೌಡರ ಮೊಮ್ಮಗ ಕೂತದ್ದು ಸರಿಯಾಗಿ ನನ್ನ ಜಾಗದಲ್ಲಿ. ಅಲ್ಲೊಂದು ಕಲ್ಲು ಚುಚ್ಚುತ್ತದೆ, ನನಗೆ ಗೊತ್ತಿತ್ತು.

ಡಿಪ್ಟಿ ಸಾಹೇಬರು ಸಣ್ಣ ಆಕಾರದವರು, ಕರಿ ಕೋಟು ತೊಟ್ಟಿದ್ದರು, ನೆಗಡಿಯಾಗಿತ್ತು. ಮಕ್ಕಳು ಹೊರಗೇಕೆ ಎಂದು ಕೇಳಿದರು. ನೆಲ ಒಣಗಿಲ್ಲ ಎಂದು ಮಾಸ್ತರರು ಹೇಳಿದರು. ಬಾಗಿಲಲ್ಲಿ ಇಣುಕಿದ ಸಾಹೇಬರು, ಹಾಗಾದರೆ ಒಳಗೆ ಕೂತವರು ಯಾರು ಎಂದರು. ಮಾಸ್ತರರು ಗೌಡರ ಮುಖ ನೋಡಿದರು. ಗೌಡರು ಬೇವಿನ ಮರ ನೋಡಿದರು.

"ನಮ್ಮ ಸಾಲಿ ಮಕ್ಕಳ್ರಿ, ಸಾಹೇಬ್ರ" ಎಂದರು ಅಣ್ಣಪ್ಪ ಮಾಸ್ತರರು.

ಅಷ್ಟು ವರ್ಷಗಳಲ್ಲಿ ಅವರು ನಮ್ಮನ್ನು ಹಾಗೆಂದದ್ದು ಅದೇ ಮೊದಲು. ಹೆದರಿ ಅಂದರು, ಆದರೂ ಅಂದರು. ನನ್ನ ಕಣ್ಣಲ್ಲಿ ನೀರು ಬಂತು. ಬಂದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು, ಇಷ್ಟು ಸಣ್ಣ ಮಾತಿಗೆ ಅಳುವುದೇ ಎಂದು.

ಸಾಹೇಬರಿಗೆ ಊಟದ ಹೊತ್ತು ಮೀರುತ್ತಿತ್ತು. ಬಾಗಿಲಲ್ಲೇ ಕುರ್ಚಿ ಹಾಕಿಸಿಕೊಂಡು, ಮೊದಲು ಕಣ್ಣಿಗೆ ಬಿದ್ದ ಮುಖದಿಂದಲೇ ಪರೀಕ್ಷೆ ಶುರು ಮಾಡಿದರು. ಅವರಿಗೆ ಎದುರಾಗಿ ಕೂತವಳು ನಾನು. ಯಾವ ಇಯತ್ತೆ ಎಂದರು. ನಾಲ್ಕು, ಮೂರು ವರ್ಷದಿಂದ ಅದೇ ಎಂದೆ.

"ಯಾಕ, ನಾಪಾಸ ಆದೆ ಏನು?"

"ಇಲ್ರಿ. ಪರೀಕ್ಷಾಕ್ಕ ಕುಂದ್ರಿಸಿಲ್ರಿ."

 ಸಾಹೇಬರು ಮೂಗು ಒರೆಸಿಕೊಂಡು ಲೆಕ್ಕ ಕೇಳಿದರು. ಹೇಳಿದೆ. ಪಾಠ ಓದಿಸಿದರು. ಓದುವುದಕ್ಕೆ ಪುಸ್ತಕ ಬೇಕಾಗಲಿಲ್ಲ, ಅಷ್ಟು ಸಲ ಅದೇ ಪಾಠ ಕೇಳಿದ್ದೆ. ನಿನ್ನ ಹಿಂದೆ ನಕಾಶೆ ಇದೆ, ಅದರಲ್ಲಿ ಘಟಪ್ರಭಾ ನದಿ ತೋರಿಸು ಎಂದರು. ನಾನು ತಿರುಗಿ ನೋಡಿದೆ. ಬಣ್ಣ ಬಣ್ಣದ ದೊಡ್ಡ ಬಟ್ಟೆ. ತುಂಬ ಗೆರೆಗಳು. ಒಂದರ ಮೇಲೆ ಬೆರಳಿಟ್ಟೆ. ಅದು ರೈಲು ದಾರಿಯಂತೆ. ಕಟ್ಟೆಯ ಮೇಲಿನ ಮಕ್ಕಳು ಗೊಳ್ಳೆಂದು ನಕ್ಕರು.

"ಇಷ್ಟು ಓದಿ ಇದು ಗೊತ್ತಿಲ್ಲ ಏನು?" ಎಂದರು ಸಾಹೇಬರು.

"ಈ ಗೋಡಿ ನಮಗ ಕಾಣ್ತಿರಲಿಲ್ರಿ. ನಾವು ಕುಂದ್ರೂದು ಆ ಕಿಟಕಿ ಹೊರಗ. ಅಲ್ಲಿಂದ ಬರೇ ಮಾಸ್ತರ್ರು ಕಾಣ್ತಾರ."

ಸಾಹೇಬರಿಗೆ ಎಲ್ಲವೂ ತಿಳಿಯಿತು. ಅದು ಅವರ ಮುಖದಲ್ಲಿ ಕಂಡಿತು. ಅವರು ಏನಾದರೂ ಹೇಳುತ್ತಾರೆ, ಮಾಸ್ತರರಿಗೆ ಬೈಯುತ್ತಾರೆ, ಗೌಡರಿಗೆ ಹುಕುಂ ತೋರಿಸುತ್ತಾರೆ ಎಂದು ನಾನು ಕಾದೆ. ಅವರು ಸೀನಿದರು. ಹುಡುಗಿ ಐದಕ್ಕೆ ಹೋಗಲಿ ಎಂದು, ಯಲ್ಲಾರಿಯನ್ನೂ ಉಳಿದಿಬ್ಬರನ್ನೂ ಒಂದೊಂದು ಪ್ರಶ್ನೆ ಕೇಳಿ, ಅವರೂ ಮುಂದಿನ ಇಯತ್ತೆಗೆ ಹೋಗಲಿ ಎಂದು, ಕಟ್ಟೆಯ ಮಕ್ಕಳ ಕಡೆ ಹೊರಳಿದರು. ಎಲ್ಲ ಮುಗಿಸಿ ಹೊರಡುವಾಗ ಗೌಡರ ಭುಜ ತಟ್ಟಿದರು. ಸರ್ಕಾರದ ಹುಕುಮನ್ನು ಇಷ್ಟು ಚೆನ್ನಾಗಿ ನಡೆಸುವ ಊರು ತಾಲೂಕಿನಲ್ಲಿ ವಿರಳ, ಕೇರಿಯ ಮಕ್ಕಳನ್ನು ಎಲ್ಲರಿಗಿಂತ ಮುಂದೆ ಕೂರಿಸಿದ್ದೀರಿ, ಶಾಲೆ ಉತ್ತಮವಾಗಿದೆ ಎಂದರು. ಅದೂ ಹೋಳಿಗೆ ತಿನ್ನುವುದಕ್ಕಿಂತ ಮೊದಲು. ನಮ್ಮೂರ ಶಾಲೆಗೆ ಅಂಥ ಹೊಗಳಿಕೆ ಹಿಂದೆಂದೂ ಸಿಕ್ಕಿರಲಿಲ್ಲ.

ಸಾಹೇಬರನ್ನು ಮಾಸ್ತರರ ಜೊತೆ ಮನೆಗೆ ಕಳಿಸಿ ಗೌಡರು ಹಿಂದೆ ಉಳಿದರು. ನೆಲ ಒಣಗಿತ್ತು. ಈಗ ಹೊರಗೆ ಬಾ ಎಂದರು. ನಾವು ಅದರ ಮೇಲೆ ನಡೆದು ಬಂದೆವು. ಬಂದ ಮೇಲೆ, ನೀವು ಕೂತ ಜಾಗ, ನಡೆದ ಜಾಗ ಎಲ್ಲ ಮೈಲಿಗೆಯಾಯಿತು, ಹೋಗಿ ಸಗಣಿ ತಂದು ಮತ್ತೆ ಸಾರಿಸು, ನೆಟ್ಟಗೆ ಒಳಗಿನಿಂದ ಹೊರಗೆ ಸಾರಿಸು ಎಂದರು. ದನಿ ಏರಿಸಲಿಲ್ಲ. ಏರಿಸಬೇಕಾದ ಅಗತ್ಯ ಅವರಿಗೆ ಯಾವತ್ತೂ ಬಿದ್ದಿರಲಿಲ್ಲ.

ಅವ್ವ ಅವರ ಕಣ್ಣನ್ನು ನೇರ ನೋಡಿದಳು. ಅದಕ್ಕಿಂತ ಮೊದಲು ಅವಳು ಗೌಡರ ಕಣ್ಣು ನೋಡಿದ್ದಾಗಲಿ, ಅವು ಯಾವ ಬಣ್ಣದವು ಎಂದು ತಿಳಿದದ್ದಾಗಲಿ ಇಲ್ಲ.

"ಸಾರಸಂಗಿಲ್ರಿ."

ಏನಂದಿ ಎಂದರು ಗೌಡರು.

"ನಾ ಕುಂತ ಜಾಗಾ ಮೈಲಿಗಿ ಅಂದ್ರ, ನಾ ಸಾರಿಸಿದ ನೆಲಾ ಎಲ್ಲಾ ಮೈಲಿಗೀನ. ಅಗದು ಒಗೀರಿ. ನನ್ನ ಕೈ ಇನ್ನ ಅದನ್ನ ಮುಟ್ಟಂಗಿಲ್ಲ."

ನಾಳೆಯಿಂದ ನಿನಗೂ ನಿನ್ನ ಗಂಡನಿಗೂ ನನ್ನ ಹೊಲದಲ್ಲಿ ಕೆಲಸವಿಲ್ಲ ಎಂದು ಗೌಡರು ಹೇಳಿದರು. ಈ ಊರಲ್ಲಿ ಯಾರ ಹೊಲದಲ್ಲೂ ಇಲ್ಲ ಎಂದೂ ಸೇರಿಸಿದರು. ಆಗಲ್ರಿ ಎಂದಳು ಅವ್ವ. ಅವಳ ಕಾಲು ನಡುಗುತ್ತಿದ್ದವು. ನಾನು ಅವಳ ಸೀರೆ ಹಿಡಿದುಕೊಂಡಿದ್ದೆ, ಆ ನಡುಕ ನನ್ನ ಕೈಗೂ ಬಂತು. ಹೀಗೆ ನಡುಗುತ್ತ ನಿಂತವಳನ್ನು ನಾನು ಈಗಲೂ ಯಾವ ಸಾಹೇಬನಿಗಿಂತಲೂ ದೊಡ್ಡವಳೆಂದು ತಿಳಿಯುತ್ತೇನೆ.

ಅಪ್ಪ ಮೊದಲು ಕೂಗಾಡಿದ, ಆಮೇಲೆ ತಲೆಯ ಮೇಲೆ ಕೈ ಹೊತ್ತು ಕೂತ. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ನಮ್ಮವರು ಕೆಲವರಿದ್ದರು, ಮುಂದೆ ಅವನೂ ಅಲ್ಲಿಗೆ ದುಡಿಯಲು ಹೋದ. ಅದು ಬೇರೆ ಕಥೆ. ಮರುದಿನ ಬೆಳಿಗ್ಗೆಯಂತೂ ನಮ್ಮ ಮನೆಯಲ್ಲಿ ಯಾರಿಗೂ ಹೋಗುವುದಕ್ಕೆ ಹೊಲವಿರಲಿಲ್ಲ. ಶಾಲೆಯ ಗಂಟೆ ಹೊಡೆಯಿತು. ಅವ್ವ ನನ್ನ ಕೈ ಹಿಡಿದುಕೊಂಡು ಹೊರಟಳು. ಯಲ್ಲಾರಿ, ಉಳಿದಿಬ್ಬರು ಹಿಂದೆ ಬಂದರು. ದಾರಿಯಲ್ಲಿ ಜನ ನಿಂತು ನೋಡಿದರು. ಯಲ್ಲಾರಿ ಅವರಿಗೆಲ್ಲ ನಮಸ್ಕಾರ ಮಾಡುತ್ತ ಬಂದ.

ನಾವು ನಾಲ್ವರೂ ಹೊಸ್ತಿಲು ದಾಟಿದೆವು, ನಾನು ಐದನೆಯ ಇಯತ್ತೆಯ ಸಾಲಿನಲ್ಲಿ ಹೋಗಿ ಕೂತೆ. ಪಕ್ಕದ ಹುಡುಗಿ ತಾನು ಉಟ್ಟ ಪರಕಾರದ ನೆರಿಗೆ ಎಳೆದುಕೊಂಡು ದೂರ ಸರಿದಳು. ಸರಿಯಲಿ, ನನಗೆ ಜಾಗ ಹೆಚ್ಚಾಯಿತು. ಮಾಸ್ತರರು ಎದ್ದು ನಿಂತರು. ಏಳು ಎನ್ನಲು ಬಾಯಿ ತೆರೆದವರು ಬಾಗಿಲ ಕಡೆ ನೋಡಿ ನಿಂತರು. ಅವ್ವ ಹೊಸ್ತಿಲ ಮೇಲೆ, ಒಳಗೆ ಮುಖ ಮಾಡಿ, ಕೈ ಎರಡೂ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಗುಡ್ಡವ್ವ, ನೀ ಇಲ್ಲಿ ಯಾಕ ಕುಂತಿ?"

"ನಿನ್ನಿ ಸಾಹೇಬ್ರು ನೋಡಿ ಹೋದ್ರು. ಸಾಲಿ ಚಲೋ ಐತೋ ಇಲ್ಲೋ, ಇವತ್ತ ನಾ ನೋಡಾಕ ಬಂದೇನ್ರಿ" ಎಂದಳು ಅವ್ವ. "ಕಲಸ್ರಿ."

 ಮಾಸ್ತರರು ಅವ್ವನನ್ನು ನೋಡಿದರು, ನನ್ನನ್ನು ನೋಡಿದರು. ಅವ್ವ ಏಳಲಿಲ್ಲ. ಕೊನೆಗೆ ಅವರು ಕರಿಹಲಗೆಯ ಕಡೆ ತಿರುಗಿ ಬರೆಯಲು ಖಡು ಎತ್ತಿಕೊಂಡರು.